ಚಿಕ್ಕಪ್ಪನ ಕಾರಿನ ಲೆಕ್ಕ



ಹೋದ ತಿಂಗಳು ಗಣಿತದ ಮಾಷ್ಟ್ರು ನಮಗೆಲ್ಲ ಒಂದು ಮನೆಗೆಲಸ ಕೊಟ್ಟಿದ್ದರು. ಮನೆಯಲ್ಲಿರುವ ಯಾವುದಾದರೂ ಒಂದು ವಸ್ತುವಿಗೆ ಒಂದು ವರ್ಷದಲ್ಲಿ ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು ಬರೆದುಕೊಂಡು ಬರಬೇಕು. ಹೆಚ್ಚಿನವರು ದನದ ಲೆಕ್ಕ ಬರೆದರು. ಒಬ್ಬ ಮೊಬೈಲಿನದು ಬರೆದ. ನಾನು ಚಿಕ್ಕಪ್ಪನ ಕಾರಿನ ಲೆಕ್ಕ ಹಿಡಿದುಕೊಂಡೆ. ಎಲ್ಲರಿಗಿಂತ ಸುಲಭ ಅಂದುಕೊಂಡಿದ್ದೆ. ಅದೇ ಕಷ್ಟದ್ದಾಯಿತು. ಮನೆಯಲ್ಲಿ ಎರಡು ದಿನ ಮಾತುಕತೆಯೂ ಆಯಿತು. ಬರೆದದ್ದನ್ನು ನೋಡಿ ಮಾಷ್ಟ್ರು, ಇದನ್ನು ಗೋಡೆ ಪತ್ರಿಕೆಗೆ ಹಾಕು, ಆದರೆ ಚಿಕ್ಕಪ್ಪನ ಒಪ್ಪಿಗೆ ತಗೊಂಡು ಹಾಕು ಎಂದರು.

ಮೊದಲು ಕಾರು ಯಾಕೆ ಬಂತು ಅಂತ ಹೇಳುತ್ತೇನೆ. ನಮ್ಮ ಕಡೆ ಮೊದಲೆಲ್ಲ ಕೊಪ್ಪದ ಸಹಕಾರ ಸಾರಿಗೆ ಬಸ್ಸು ಓಡುತ್ತಿತ್ತು. 1991ರಲ್ಲಿ ಕಾರ್ಮಿಕರೇ ಒಟ್ಟು ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ಬಸ್ಸಿನಲ್ಲಿ ಪೇಟೆಯಿಂದ ಸಾಮಾನು, ಔಷಧಿ, ಕಾಗದ ಎಲ್ಲ ಕಳಿಸುತ್ತಿದ್ದರಂತೆ. 2020ರಲ್ಲಿ ಆ ಬಸ್ಸುಗಳು ನಿಂತುಹೋದವು. ಈಗ ನಮ್ಮ ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ಸಂಜೆಯದ್ದು ತಪ್ಪಿದರೆ ಪೇಟೆಯಲ್ಲೇ ನೆಂಟರ ಮನೆ ಹುಡುಕಬೇಕು. ಅದಕ್ಕೇ ಚಿಕ್ಕಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ 1,35,000 ರೂಪಾಯಿ ಕೊಟ್ಟು 2025ರ ಜನವರಿ ಒಂದನೇ ತಾರೀಖು ಒಂದು ಹಳೆ ಕಾರು ತಂದರು. 2010ರ ಮಾಡೆಲ್ಲು, ಕೆಂಪು ಬಣ್ಣ, ಪೆಟ್ರೋಲಿನದು. ಹೊಸದು ಯಾಕೆ ತರಲಿಲ್ಲ ಎಂದು ನಾನು ಕೇಳಿದ್ದೆ. ಹೊಸ ಕಾರಿಗೆ ಅಂಗಡಿಯ ಬೆಲೆಯ ಮೇಲೆ ಸರಕಾರಕ್ಕೆ ಜೀವಾವಧಿ ತೆರಿಗೆ ಅಂತ ಕಟ್ಟಬೇಕು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಅದು ಶೇಕಡಾ 14. ಆರು ಲಕ್ಷದ ಕಾರಾದರೆ ತೆರಿಗೆಯೇ 84,000. ಸೆಸ್ಸು, ವಿಮೆ ಬೇರೆ. ಹಳೆ ಕಾರಿಗೆ ಆ ತೆರಿಗೆಯನ್ನು ಮೊದಲಿನ ಯಜಮಾನರೇ ಕಟ್ಟಿ ಮುಗಿಸಿರುತ್ತಾರೆ.

"ಪೆಟ್ರೋಲು ಹಾಕಿದ್ರೆ ಆಯ್ತು ಮಾರಾಯ್ತಿ, ಕಿಲೋಮೀಟರಿಗೆ ಏಳು ರೂಪಾಯಿ ಬೀಳುತ್ತೆ, ಅಷ್ಟೆ" ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ನಿಜವೋ ಅಂತ ನೋಡೋಣ.

ಚಿಕ್ಕಪ್ಪನಿಗೆ ಒಂದು ಒಳ್ಳೆಯ ಗುಣ ಇದೆ. ಎಲ್ಲಾ ಚೀಟಿಗಳನ್ನೂ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ತುರುಕಿ ಇಟ್ಟಿರುತ್ತಾರೆ. ಅವನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಕೂತೆ. ಕೆಲವು ಚೀಟಿಗಳ ಶಾಯಿ ಹಾರಿಹೋಗಿತ್ತು. ಅವನ್ನು ಚಿಕ್ಕಪ್ಪನನ್ನೇ ಕೇಳಿ ಬರೆದೆ. ಕಾರು ತಂದ ದಿನ ಮೀಟರು 68,412 ತೋರಿಸುತ್ತಿತ್ತು. ಡಿಸೆಂಬರ್ 31ಕ್ಕೆ 76,212. ಕಳೆದರೆ ಓಡಿದ್ದು 7,800 ಕಿಲೋಮೀಟರು. ನಮ್ಮ ಕಡೆಯ ಏರಿಳಿತದ ರಸ್ತೆಯಲ್ಲಿ ಅದು ಲೀಟರಿಗೆ 15 ಕಿಲೋಮೀಟರು ಕೊಟ್ಟಿದೆ. ಅಂದರೆ 520 ಲೀಟರು. ಲೀಟರಿಗೆ 103 ರೂಪಾಯಿಯಂತೆ 53,560 ರೂಪಾಯಿ. ಇದನ್ನು 7,800ರಿಂದ ಭಾಗಿಸಿದರೆ 6 ರೂಪಾಯಿ 87 ಪೈಸೆ. ಅಲ್ಲಿಗೆ ಚಿಕ್ಕಪ್ಪ ಹೇಳಿದ್ದು ಸರಿ. ಆದರೆ ಅದು ಪೆಟ್ರೋಲಿನ ಲೆಕ್ಕ, ಕಾರಿನ ಲೆಕ್ಕ ಅಲ್ಲ. ಉಳಿದ ಚೀಟಿಗಳು ಹೀಗಿದ್ದವು:

ವಿಮೆ – 2,471
ಹೊಗೆ ಪರೀಕ್ಷೆ, ಎರಡು ಸಲ – 250
ನೋಂದಣಿ ನವೀಕರಣ – 5,000
ಸರ್ವೀಸು, ಎರಡು ಸಲ – 7,000
ಎರಡು ಟಯರು – 6,800
ಬ್ಯಾಟರಿ – 4,200
ಬ್ರೇಕಿನ ರಿಪೇರಿ – 2,900
ಪಂಕ್ಚರು, ವೈಪರು, ಬಲ್ಬು ಇತ್ಯಾದಿ – 1,150

ವಿಮೆ ಎಂದರೆ ನಮ್ಮ ಕಾರಿಗೆ ಏನಾದರೂ ಆದರೆ ದುಡ್ಡು ಬರುತ್ತದೆ ಎಂದು ನಾನು ತಿಳಿದಿದ್ದೆ. ಇದು ಅದಲ್ಲ. ಇದು ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಕೊಡುವ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇಂಜಿನು 1,000 ಸಿಸಿ ದಾಟದ ಸ್ವಂತ ಕಾರಿಗೆ 2022ರ ಜೂನ್‌ನಲ್ಲಿ ಇದರ ದರವನ್ನು 2,094 ಎಂದು ನಿಗದಿ ಮಾಡಿದರು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಗುಣಿಸಿ ನೋಡಿ, 2,471 ಬರುತ್ತದೆ. ನಾನು ಎರಡು ಸಲ ಮಾಡಿ ನೋಡಿದ್ದೇನೆ.

ನೋಂದಣಿಯ 5,000 ಮಾತ್ರ ಯಾರೂ ಯೋಚಿಸದೇ ಇದ್ದ ಖರ್ಚು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು ಅದಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. ನಮ್ಮ ಕಾರಿಗೆ 2025ರ ಅಕ್ಟೋಬರಿಗೆ 15 ತುಂಬಿತು. ಮಾರಿದವರು ಇದನ್ನು ಹೇಳಿರಲಿಲ್ಲ, ಚಿಕ್ಕಪ್ಪ ಕೇಳಿಯೂ ಇರಲಿಲ್ಲ. ಆದ್ದರಿಂದ ಹಳೆ ಕಾರು ತಗೊಳ್ಳುವವರು ಆರ್‌ಸಿ ಪುಸ್ತಕದ ತಾರೀಖನ್ನು ಮೊದಲು ನೋಡಬೇಕು.

ಎಲ್ಲ ಕೂಡಿದರೆ 83,331 ರೂಪಾಯಿ.

ಇಷ್ಟಕ್ಕೇ ಮುಗಿಯಿತು ಎಂದು ನಾನು ಮಾಷ್ಟ್ರಿಗೆ ತೋರಿಸಿದೆ. ಅವರು, "ಈಗ ಆ ಕಾರನ್ನ ಮಾರಿದ್ರೆ ಎಷ್ಟು ಬರುತ್ತೆ?" ಎಂದು ಕೇಳಿದರು. ಡಿಸೆಂಬರಿನಲ್ಲಿ ಒಬ್ಬರು ಬಂದು 1,10,000ಕ್ಕೆ ಕೇಳಿದ್ದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ಹೊಸ ಕಾರೇ ಅಗ್ಗವಾಗಿದೆ, ಹಳೆಯದಕ್ಕೆ ಯಾರು ಅಷ್ಟು ಕೊಡುತ್ತಾರೆ ಎಂದು ಅವರ ವಾದ. ಹಾಗಾದರೆ ಒಂದು ವರ್ಷದಲ್ಲಿ 25,000 ರೂಪಾಯಿ ಅಂಗಳದಲ್ಲೇ ನಿಂತು ಕರಗಿಹೋಯಿತು! ಇದಕ್ಕೆ ಚೀಟಿ ಯಾರೂ ಕೊಡುವುದಿಲ್ಲ. ಸೇರಿಸಿದಾಗ 1,08,331 ಆಯಿತು. ಕಿಲೋಮೀಟರಿಗೆ 13 ರೂಪಾಯಿ 89 ಪೈಸೆ. ಚಿಕ್ಕಪ್ಪ ಹೇಳಿದ್ದರ ಎರಡರಷ್ಟು. ಆ 1,35,000ವನ್ನು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟಿದ್ದರೆ 9,450 ಬಡ್ಡಿ ಬರುತ್ತಿತ್ತು, ಅದನ್ನೂ ಸೇರಿಸು ಎಂದು ಮಾಷ್ಟ್ರು ಹೇಳಿದರು. ಆಗ 15 ರೂಪಾಯಿ 10 ಪೈಸೆ. ಇದನ್ನು ಓದಿ ಹೇಳಿದಾಗ ಅಪ್ಪಯ್ಯ ನಕ್ಕರು. ಚಿಕ್ಕಪ್ಪ ನಗಲಿಲ್ಲ. ನಾನು ಮುಂದಿನ ಲೆಕ್ಕಕ್ಕೆ 13.89 ಮಾತ್ರ ಇಟ್ಟುಕೊಂಡಿದ್ದೇನೆ.

ಪೇಟೆಗೆ ಹೋಗಿ ಬರಲು 28 ಕಿಲೋಮೀಟರು. ಕಾರಿನಲ್ಲಿ 389 ರೂಪಾಯಿ. ಬಸ್ಸಿನಲ್ಲಿ ಒಬ್ಬರಿಗೆ ಹೋಗಿ ಬರಲು 50. ನಾಲ್ಕು ಜನ ಹೋದರೂ 200. ಬಾಡಿಗೆ ಜೀಪು ಮಾಡಿದರೆ 500. ಅಂದರೆ ಕಾರು ಜೀಪಿಗಿಂತ ಅಗ್ಗ, ಬಸ್ಸಿಗಿಂತ ತುಟ್ಟಿ. ಚಿಕ್ಕಪ್ಪ ಒಬ್ಬರೇ ಬೀಡಾ ತರಲು ಪೇಟೆಗೆ ಹೋದ ದಿನಗಳೂ ಇವೆ, ಆದರೆ ಅದನ್ನು ಇಲ್ಲಿ ಬರೆಯಬಾರದು ಎಂದಿದ್ದಾರೆ. ಇನ್ನೊಂದು ದಿನದ್ದು ಹೇಗೆ ಬರೆಯುವುದೆಂದು ನನಗೇ ಗೊತ್ತಾಗಲಿಲ್ಲ. ಆಗಸ್ಟಿನ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯ ಅಕ್ಕನಿಗೆ ಹೆರಿಗೆ ನೋವು ಬಂತು. ಚಿಕ್ಕಪ್ಪ ಕರೆದುಕೊಂಡು ಹೋದರು. ಪುಸ್ತಕದಲ್ಲಿ ಅದು 28 ಕಿಲೋಮೀಟರು, 389 ರೂಪಾಯಿ ಎಂದಷ್ಟೇ ಇದೆ.

ಈಗ ಕಾರುಗಳು ಹೇಗೆ ಬದಲಾದವು ಎಂಬುದು. ಇದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಅಪ್ಪಯ್ಯ ಸಣ್ಣವರಿದ್ದಾಗ ಟ್ಯಾಕ್ಸಿ ಎಂದರೆ ಅಂಬಾಸಿಡರ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. 1950ರ ದಶಕದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ನಕ್ಷೆಯೇ ಅದಕ್ಕೆ ಮೂಲ. ಹೊರಗಿನ ಆಕಾರ ಬದಲಾಗದೆಯೇ 2014ರವರೆಗೂ ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೊದಲ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಕೊಟ್ಟರು. 796 ಸಿಸಿಯ ಪುಟ್ಟ ಇಂಜಿನು. ಅದರ ತಯಾರಿಯೂ 2014ರಲ್ಲೇ ನಿಂತಿತು. 1993ರಲ್ಲಿ ಕಾರು ತಯಾರಿಸಲು ಲೈಸೆನ್ಸ್ ಬೇಕೆಂಬ ನಿಯಮ ತೆಗೆದ ಮೇಲೆ ಹೊರದೇಶದ ಕಂಪನಿಗಳು ಬಂದವು. ನಮ್ಮ ರಾಜ್ಯದ ಬಿಡದಿಯಲ್ಲೂ ಟೊಯೋಟಾದವರ ಕಾರ್ಖಾನೆ ಆಗಿ 2000ದಲ್ಲಿ ಕ್ವಾಲಿಸ್ ಬಂತು. ವಿದ್ಯುತ್ ಕಾರು ಹೊಸದೆಂದು ಎಲ್ಲರೂ ಹೇಳುತ್ತಾರೆ, ಆದರೆ ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರು 2001ರಲ್ಲೇ ಬಂದಿತ್ತು.

ಹೊರಗೆ ಕಾಣದ ಒಂದು ಬದಲಾವಣೆ ಇದೆ. ನನ್ನ ಪಾಠಕ್ಕೆ ಮುಖ್ಯವಾದದ್ದು ಅದೇ. ಹಳೆಯ ಅಂಬಾಸಿಡರಿನಲ್ಲಿ, ಮೊದಲಿನ ಮಾರುತಿಯಲ್ಲಿ ಕಾರ್ಬುರೇಟರ್ ಇರುತ್ತಿತ್ತು. ಇಂಜಿನು ಗಾಳಿ ಎಳೆದುಕೊಂಡಾಗ ಆ ಗಾಳಿಯ ಜೊತೆ ಪೆಟ್ರೋಲೂ ತಾನಾಗಿ ಎಳೆದುಕೊಂಡು ಬರುತ್ತದೆ. ಬೇಕೋ ಬೇಡವೋ ಕೇಳುವವರಿಲ್ಲ. 2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿ ಮಾಡಿದ ಮೇಲೆ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು. ಒಂದು ಸಣ್ಣ ಕಂಪ್ಯೂಟರು ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನೇ ಸೂಜಿ ಮದ್ದಿನ ಹಾಗೆ ಚಿಮುಕಿಸುತ್ತದೆ. ಕಾರು ಬದಲಾಯಿತು. ಓಡಿಸುವವರ ನಂಬಿಕೆ ಬದಲಾಗಲಿಲ್ಲ.

ಆ ನಂಬಿಕೆ ಯಾವುದೆಂದರೆ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲು ಉಳಿಯುತ್ತದೆ ಎಂಬುದು.

2025ರ ಮೇ ತಿಂಗಳಲ್ಲಿ ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಲು ಉಡುಪಿಗೆ ಹೊರಟಿದ್ದೆವು. ಚಿಕ್ಕಪ್ಪ, ಅಪ್ಪಯ್ಯ ಮುಂದೆ. ಅಜ್ಜಿ, ಅಮ್ಮ, ನಾನು ಹಿಂದೆ. ನಡುವೆ ಕೂತರೆ ಗಾಳಿ ಚೆನ್ನಾಗಿ ಬರುತ್ತೆ ಅಂತ ಅಜ್ಜಿ ನಡುವೆ ಕೂತಿದ್ದರು. ಆಗುಂಬೆ ಸುಮಾರು 640 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳು. ಮೊದಲ ತಿರುವಿನ ಹತ್ತಿರವೇ ಚಿಕ್ಕಪ್ಪ ಗೇರು ತೆಗೆದು ನ್ಯೂಟ್ರಲ್ ಮಾಡಿದರು. "ಇನ್ನು ಕೆಳಗಿನವರೆಗೆ ಪುಕ್ಕಟೆ" ಎಂದರು. ನಾವೆಲ್ಲ ನಕ್ಕೆವು.

ಐದಾರು ತಿರುವು ಆದ ಮೇಲೆ ರಬ್ಬರು ಸುಟ್ಟ ಹಾಗೆ ವಾಸನೆ ಬಂತು. ಅಮ್ಮ, "ಎಂತದೋ ಸುಡ್ತಾ ಇದೆ" ಎಂದರು. ಮುಂದೆ ಹೋದ ಲಾರಿಯದ್ದಿರಬೇಕು ಎಂದರು ಚಿಕ್ಕಪ್ಪ. ಮುಂದೆ ಯಾವ ಲಾರಿಯೂ ಇರಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ತಿರುವಿಗೆ ಬಂದಾಗ ಚಿಕ್ಕಪ್ಪ ಬ್ರೇಕು ಒತ್ತಿದರು. ಅದು ಮೆತ್ತಗೆ ಕೆಳಗೆ ಹೋಗಿ ತಳಕ್ಕೆ ತಾಗಿತು, ಕಾರು ನಿಲ್ಲಲಿಲ್ಲ. ಚಿಕ್ಕಪ್ಪ ಒಂದೇ ಮಾತು, "ಗಟ್ಟಿ ಹಿಡ್ಕಳಿ" ಎಂದರು. ಕ್ಲಚ್ಚು ಒತ್ತಿ ಎರಡನೇ ಗೇರು ತುರುಕಿದರು. ಇಂಜಿನು ಕಿರುಚಿತು. ಅಪ್ಪಯ್ಯ ಹ್ಯಾಂಡ್‌ಬ್ರೇಕು ಎಳೆದರು. ಚಿಕ್ಕಪ್ಪ ಕಾರನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ಇಳಿಸಿದರು. ಎಡಗಡೆಯ ಚಕ್ರ ಚರಂಡಿಗೆ ಬಿದ್ದು ಕಾರು ನಿಂತಿತು. ನನಗೆ, ಅಮ್ಮನಿಗೆ ಏನೂ ಆಗಲಿಲ್ಲ. ಅಜ್ಜಿಯ ಹಣೆ ಮುಂದಿನ ಸೀಟಿನ ಕಬ್ಬಿಣಕ್ಕೆ ಹೊಡೆಯಿತು. ಹೆಬ್ರಿಯಲ್ಲಿ ಐದು ಹೊಲಿಗೆ ಹಾಕಿದರು. ಕಣ್ಣಿನ ಹತ್ತಿರವೇ ಊತ ಇದ್ದದ್ದರಿಂದ ಪೊರೆ ತೆಗೆಯುವುದನ್ನು ಮೂರು ವಾರ ಮುಂದೆ ಹಾಕಿದರು. ಅಷ್ಟು ದಿನ ಅಜ್ಜಿ ಕವಳದ ತಟ್ಟೆಯನ್ನು ಕೈಯಲ್ಲಿ ತಡವಿ ಹುಡುಕುತ್ತಿದ್ದರು.

ಇದು ಹೇಗಾಯಿತು ಎಂದು ಪೇಟೆಯ ಮೆಕ್ಯಾನಿಕ್ಕಿನವರು ನಮಗೆ ಬಿಡಿಸಿ ಹೇಳಿದರು. ಉಳಿದದ್ದನ್ನು ನಮ್ಮ ವಿಜ್ಞಾನದ ಟೀಚರು ಹೇಳಿಕೊಟ್ಟರು.

ಕಾರು ಗೇರಿನಲ್ಲಿ ಇದ್ದು, ಆಕ್ಸಿಲೇಟರಿನಿಂದ ಕಾಲು ತೆಗೆದು ಇಳಿಜಾರು ಇಳಿಯುವಾಗ ಇಂಜಿನು ಚಕ್ರವನ್ನು ತಿರುಗಿಸುವುದಿಲ್ಲ. ಚಕ್ರವೇ ಇಂಜಿನನ್ನು ತಿರುಗಿಸುತ್ತದೆ. ಇಂಜೆಕ್ಟರ್ ಇರುವ ಕಾರಿನ ಕಂಪ್ಯೂಟರಿಗೆ ಅದು ತಿಳಿಯುತ್ತದೆ. ತಿರುಗಿಸುವವರು ಇದ್ದಾರಲ್ಲ, ಪೆಟ್ರೋಲು ಯಾಕೆ ಎಂದು ಅದು ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಇಂಜಿನಿಗೂ ಸಂಬಂಧ ತಪ್ಪಿತು. ಆಗ ಇಂಜಿನು ಆರಿಹೋಗದೆ ಇರಬೇಕಾದರೆ ಪೆಟ್ರೋಲು ಕುಡಿಯಲೇಬೇಕು. ಸಣ್ಣ ಕಾರು ಸುಮ್ಮನೆ ಗುರ್ ಗುರ್ ಅನ್ನುತ್ತಿದ್ದರೆ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚೇ ಬೇಕು. ಇಪ್ಪತ್ತು ನಿಮಿಷದ ಘಾಟಿಗೆ ಹತ್ತಿರ ಹತ್ತಿರ 20 ರೂಪಾಯಿಯದ್ದು. ಅಂದರೆ ನ್ಯೂಟ್ರಲ್ ಮಾಡಿ ಪುಕ್ಕಟೆ ಬಂದೆವು ಎಂದುಕೊಂಡಾಗ ಖರ್ಚಾಯಿತು, ಗೇರಿನಲ್ಲಿ ಬಂದಿದ್ದರೆ ಹೆಚ್ಚುಕಡಿಮೆ ಪುಕ್ಕಟೆ ಆಗುತ್ತಿತ್ತು! ಕಾರ್ಬುರೇಟರ್ ಕಾಲದಲ್ಲಿ ಹೀಗೆ ನಿಲ್ಲಿಸುವ ಕಂಪ್ಯೂಟರು ಇರಲಿಲ್ಲವಾದ್ದರಿಂದ ಆಗ ಆ ಮಾತಿನಲ್ಲಿ ಸ್ವಲ್ಪ ನಿಜ ಇತ್ತು. ಚಿಕ್ಕಪ್ಪನಿಗೆ ಅದನ್ನು ಹೇಳಿಕೊಟ್ಟವರು ಹಳೆ ಅಂಬಾಸಿಡರಿನ ಡ್ರೈವರು. ಅಪಾಯ ಮಾತ್ರ ಆಗಲೂ ಅಷ್ಟೇ ಇತ್ತು.

ಅಪಾಯ ಯಾಕೆಂದರೆ ಶಾಖ. ನಾವು ಐದು ಜನ ಮತ್ತು ಕಾರು ಸೇರಿ 1,100 ಕಿಲೋ ಎಂದು ಇಟ್ಟುಕೊಳ್ಳಿ. 500 ಮೀಟರು ಕೆಳಗೆ ಇಳಿದರೆ 55 ಲಕ್ಷ ಜೂಲ್ ಶಕ್ತಿ ಬಿಡುಗಡೆ ಆಗುತ್ತದೆ ಎಂದು ಟೀಚರು ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಅಷ್ಟು ಶಕ್ತಿಯಲ್ಲಿ ಸುಮಾರು 16 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ನಮ್ಮ ಬಚ್ಚಲ ಹಂಡೆಯ ಅರ್ಧದಷ್ಟು. ನ್ಯೂಟ್ರಲ್‌ನಲ್ಲಿ ಬಂದರೆ ಗಾಳಿಗೆ ಹೋಗುವ ಸ್ವಲ್ಪ ಬಿಟ್ಟು ಆ ಶಾಖ ಎಲ್ಲ ಅಂಗೈ ಅಗಲದ ಬ್ರೇಕು ಪ್ಯಾಡುಗಳ ಮೇಲೆ ಬೀಳುತ್ತದೆ. ಬ್ರೇಕು ಕೆಲಸ ಮಾಡುವುದು ಕೊಳವೆಯಲ್ಲಿರುವ ಬ್ರೇಕು ಆಯಿಲಿನ ಒತ್ತಡದಿಂದ. ಆ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಆಯಿಲು ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಕಾಲಿನ ಒತ್ತಡ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದುಹೋಗಿ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಪೆಡಲು ಮೆತ್ತಗಾದದ್ದು ಅದಕ್ಕೇ. ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲು ಬದಲಿಸಬೇಕು ಎಂದರು ಮೆಕ್ಯಾನಿಕ್ಕು. ನಮ್ಮದನ್ನು ಯಾವಾಗ ಬದಲಿಸಿದ್ದರು ಎಂದು ಯಾವ ಚೀಟಿಯಲ್ಲೂ ಇರಲಿಲ್ಲ. ಹ್ಯಾಂಡ್‌ಬ್ರೇಕಿಗೆ ಆಯಿಲಿಲ್ಲ, ತಂತಿ ಇದೆ. ಅದರಿಂದ ಅದು ಹಿಡಿಯಿತು.

ಎರಡನೇ ಗೇರಿನಲ್ಲಿ ಇಳಿದರೆ ಇಂಜಿನೇ ಕಾರನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಆ ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕಂತೆ. ಕೆಲವರು ಕೀಲಿಯನ್ನೇ ತಿರುಗಿಸಿ ಇಂಜಿನು ಬಂದ್ ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಬ್ರೇಕಿಗೆ ಬಲ ಕೊಡುವ ವ್ಯವಸ್ಥೆ ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ, ಕೀಲಿ ತೆಗೆದರಂತೂ ಸ್ಟೇರಿಂಗು ಲಾಕು ಬೀಳಬಹುದು. ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಅಗಲ ಸಾಲದ ಘಾಟಿ ರಸ್ತೆಯಲ್ಲಿ ಇಳಿಯುವ ವಾಹನ ನಿಂತು ಹತ್ತುವ ವಾಹನಕ್ಕೆ ದಾರಿ ಬಿಡಬೇಕು.

ಹಿಂದಿನ ಸೀಟಿಗೆ ಬೆಲ್ಟು ಬೇಡ ಎಂಬುದು ಎರಡನೇ ತಪ್ಪು ನಂಬಿಕೆ. ಅದರ ಬಗ್ಗೆ ಅಜ್ಜಿಯ ಹಣೆಯ ಗೆರೆ ನೋಡಿದರೆ ಸಾಕು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರದ ಅಪಘಾತದಲ್ಲಿ ದೊಡ್ಡ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗಲೂ ಅವರು ಹಿಂದಿನ ಸೀಟಿನಲ್ಲೇ ಇದ್ದರು, ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಅದು ಬೆಲೆಬಾಳುವ ಕಾರು. ನಮ್ಮ ಕಾರಿನಲ್ಲಿ ಬೆಲ್ಟುಗಳು ಇದ್ದವು, ಸೀಟಿನ ಸಂದಿಯೊಳಗೆ ಹೂತುಹೋಗಿದ್ದವು. ಈಗ ಎಳೆದು ಹೊರಗೆ ಹಾಕಿದ್ದೇವೆ.

ಮೂರನೆಯದು ತಮಾಷೆಯದು. ಬೆಳಿಗ್ಗೆ ತಂಪಿನಲ್ಲಿ ಪೆಟ್ರೋಲು ಹಾಕಿಸಿದರೆ ಹೆಚ್ಚು ಬರುತ್ತದೆ ಎಂದು ಹೇಳುತ್ತಾರಲ್ಲ, ಅದು. ಪೆಟ್ರೋಲು ಬಿಸಿಗೆ ಹಿಗ್ಗುವುದು ನಿಜ. ಒಂದು ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದು ಪಾಲು. ಆದರೆ ಬಂಕಿನ ಟ್ಯಾಂಕು ನೆಲದೊಳಗೆ ಇರುತ್ತದೆ. ನಮ್ಮ ಬಾವಿ ನೀರಿನ ಹಾಗೆ ಬೆಳಿಗ್ಗೆ ಮಧ್ಯಾಹ್ನಕ್ಕೆ ಅದರ ಶಾಖ ಅಷ್ಟೇನೂ ಬದಲಾಗುವುದಿಲ್ಲ. 5 ಡಿಗ್ರಿ ಬದಲಾಯಿತು ಎಂದೇ ಇಟ್ಟುಕೊಂಡರೂ 10 ಲೀಟರಿಗೆ ಲಾಭ 5 ರೂಪಾಯಿ. ಅದಕ್ಕಾಗಿ ಚಿಕ್ಕಪ್ಪ ಬೆಳಿಗ್ಗೆ ಆರಕ್ಕೆ ಎದ್ದು 28 ಕಿಲೋಮೀಟರು ಹೋಗಿ ಬರುತ್ತಿದ್ದರು. ಅದರ ಪೆಟ್ರೋಲಿಗೆ 192 ರೂಪಾಯಿ!

ಮಳೆಗಾಲದ ಮಂಜಿನಲ್ಲಿ ನಾಲ್ಕೂ ಇಂಡಿಕೇಟರು ಮಿಣಮಿಣ ಮಾಡಿಕೊಂಡು ಓಡಿಸುವುದೂ ತಪ್ಪು. ಅದು ನಿಂತ ಕಾರಿಗೆ ಇರುವ ದೀಪ. ಓಡುವಾಗ ಹಾಕಿದರೆ ಎಡಕ್ಕೋ ಬಲಕ್ಕೋ ತಿರುಗುವುದು ಹಿಂದಿನವರಿಗೆ ಗೊತ್ತಾಗುವುದಿಲ್ಲ. ಮಂಜಿಗೆ ಡಿಮ್ ಲೈಟು ಸಾಕು.

ಬರೆದು ಮುಗಿಸಿದ ಮೇಲೆ ಚಿಕ್ಕಪ್ಪನಿಗೆ ಓದಲು ಕೊಟ್ಟೆ. ಘಾಟಿಯ ಭಾಗ ಬಂದಾಗ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹೆಸರು ಹಾಕ್ಬೇಡ, ಉಳಿದದ್ದೆಲ್ಲ ಹಾಕು" ಎಂದರು. ಒಂದು ತಪ್ಪನ್ನೂ ತಿದ್ದಿದರು. ನಾನು ಬ್ರೇಕಿನ ರಿಪೇರಿಗೆ 2,600 ಎಂದು ಬರೆದಿದ್ದೆ, ಆಯಿಲಿನ 300 ಬಿಟ್ಟುಹೋಗಿತ್ತು. ಮೇಲಿನ ಲೆಕ್ಕದಲ್ಲಿ ಅದನ್ನು ಸರಿ ಮಾಡಿದ್ದೇನೆ.

ಕಾರನ್ನು ಇನ್ನೂ ಮಾರಿಲ್ಲ. ಅಪ್ಪಯ್ಯ ಮಾರುವ ಅನ್ನುತ್ತಾರೆ, ಅಮ್ಮ ಮತ್ತು ಪಕ್ಕದ ಮನೆಯವರು ಬೇಡ ಅನ್ನುತ್ತಾರೆ. ಮುಂದಿನ ತಿಂಗಳು ಅಜ್ಜಿಯ ಎಡಗಣ್ಣಿನ ಪೊರೆ ತೆಗೆಸಲು ಮತ್ತೆ ಆಗುಂಬೆ ಇಳಿಯಬೇಕು. ಅಜ್ಜಿ ನಡುವಿನ ಜಾಗ ಬೇಡ, ಬೆಲ್ಟು ಸರಿಯಾಗಿ ಬರುವ ಕಿಟಕಿಯ ಬದಿಯೇ ಬೇಕು ಎಂದಿದ್ದಾರೆ. ಎಷ್ಟನೇ ಗೇರು ಎಂದು ನೋಡಿಕೊಳ್ಳುವ ಕೆಲಸ ನನ್ನದಂತೆ.

– 7ನೇ ತರಗತಿಯ ವಿದ್ಯಾರ್ಥಿನಿ